ಬನಶಂಕರಿ ಜಾತ್ರೆಯ ಕ್ಯಾಸೆಟ್ಟಿನಲ್ಲಿ ಕೇಳಿದ ಆ ಕೀಬೋರ್ಡ್ ಯಾವುದು?

ಮಾವನ ಕಬ್ಬಿಣದ ಟ್ರಂಕಿನಲ್ಲಿ ಒಂದು ಸಿ-90 ಕ್ಯಾಸೆಟ್ ಸಿಕ್ಕಿತು. ಮೇಲೆ ನೀಲಿ ಶಾಯಿಯಲ್ಲಿ "ಬನಶಂಕರಿ 1989" ಅಂತ ಮಾತ್ರ ಬರೆದಿತ್ತು. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬರುವಾಗ ಎಷ್ಟೋ ಸಾಮಾನು ಹೋದವು, ಈ ಟ್ರಂಕು ಹೇಗೋ ಉಳಿದುಕೊಂಡಿತು. ಬನದ ಹುಣ್ಣಿಮೆಗೆ ಬಾದಾಮಿ ಕಡೆ ಹೋದವರಿಗೆ ಗೊತ್ತು, ಆ ಜಾತ್ರೆಯಲ್ಲಿ ತೇರಿನಷ್ಟೇ ಕಂಪನಿ ನಾಟಕಗಳೂ ಮುಖ್ಯ. ಸಾಲಾಗಿ ಟೆಂಟುಗಳು, ರಾತ್ರಿಯಿಡೀ ಆಟ. ಅಂಥ ಒಂದು ಟೆಂಟಿನಲ್ಲಿ ಮಾವ ಬ್ಯಾಟರಿ ಟೇಪ್‌ರೆಕಾರ್ಡರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತು, ಹಾಡು ಬಂದಾಗೆಲ್ಲ ಗುಂಡಿ ಒತ್ತಿ ತುಂಬಿಸಿಕೊಂಡಿದ್ದರು.

ಹಾಡುಗಳು ಚೆನ್ನಾಗಿವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪೇಟಿಯ ಪಕ್ಕದಲ್ಲಿ ಕೇಳುವ ಇನ್ನೊಂದು ವಾದ್ಯ. ಶಹನಾಯಿಯ ಹಾಗೆ ಶುರುವಾಗುತ್ತದೆ, ಸ್ವರದಿಂದ ಸ್ವರಕ್ಕೆ ಜಾರುತ್ತದೆ, ಕೊನೆಗೆ ಒದ್ದೆ ಬೆರಳಿನಿಂದ ಗಾಜಿನ ಲೋಟದ ಅಂಚು ಉಜ್ಜಿದಂತೆ ತೆಳ್ಳಗಾಗಿ ನಿಲ್ಲುತ್ತದೆ. ಶಹನಾಯಿ ಅಲ್ಲವೇ ಅಲ್ಲ, ಯಾವುದೋ ಸಿಂಥಸೈಜರ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್. ಮಾವನನ್ನು ಕೇಳಿದೆ. "ಅದು ಕ್ಯಾಸಿಯೋ ಅಲ್ಲೇನೋ ತಮ್ಮಾ" ಅಂದರು. ನಮ್ಮ ಕಡೆ ಯಾವ ಕೀಬೋರ್ಡ್ ಆದರೂ ಕ್ಯಾಸಿಯೋನೇ, ಯಮಾಹಾ ಇದ್ದರೂ ಕ್ಯಾಸಿಯೋ, ರೋಲ್ಯಾಂಡ್ ಇದ್ದರೂ ಕ್ಯಾಸಿಯೋ. ಹಾಗಾಗಿ ಆ ಉತ್ತರವನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಇದು ಆ ಸದ್ದನ್ನು ಹುಡುಕಿಕೊಂಡು ಹೋದ ಕೆಲಸದ ದಾಖಲೆ. ಸುಮಾರು ನಾಲ್ಕು ತಿಂಗಳು ಹಿಡಿಯಿತು. ಅರ್ಧ ಸಮಯ ಟೇಪ್ ಡೆಕ್ ರಿಪೇರಿಗೇ ಹೋಯಿತು, ಮತ್ತು ಅದು ಸುಮ್ನೆ ಹೋದ ಸಮಯ ಅಲ್ಲ ಅಂತ ಆಮೇಲೆ ತಿಳಿಯಿತು.

ಮೊದಲು ಕೇಳಿದ್ದು ಮನೆಯಲ್ಲಿದ್ದ ಹಳೆಯ ಡೆಕ್‌ನಲ್ಲಿ. ಸದ್ದು ಅಲೆಅಲೆಯಾಗಿ, ಬೆಚ್ಚಗೆ ಬರುತ್ತಿತ್ತು. ಕೇಳಿದ ಕೂಡಲೇ "ಜುನೋ!" ಅಂದುಕೊಂಡೆ. ರೋಲ್ಯಾಂಡ್ ಕಂಪನಿಯ ಜುನೋ-60 ಸಿಂಥಸೈಜರ್ ಬಂದದ್ದು 1982ರಲ್ಲಿ, ಜುನೋ-106 ಬಂದದ್ದು 1984ರಲ್ಲಿ. ಎರಡರಲ್ಲೂ ಒಳಗೇ ಒಂದು ಕೋರಸ್ ಇದೆ, ಆ ಗುಂಡಿ ಒತ್ತಿದರೆ ಸಾದಾ ಸ್ವರವೂ ಅಗಲವಾಗಿ ತೇಲುತ್ತದೆ. ಕಾಲ ಸರಿಹೊಂದುತ್ತದೆ, ಸದ್ದೂ ಹೊಂದುತ್ತದೆ. ಒಂದು ವಾರ ಅದನ್ನೇ ನಂಬಿಕೊಂಡಿದ್ದೆ.

ಆಮೇಲೆ ಒಂದು ರಾತ್ರಿ ಪೇಟಿ ಒಂದೇ ಬಾರಿಸುವ ಜಾಗ ಬಂತು. ಪೇಟಿಯೂ ಹಾಗೇ ತೇಲುತ್ತಿದೆ! ಹಾರ್ಮೋನಿಯಂನ ಹಿತ್ತಾಳೆ ರೀಡಿಗೆ ಕೋರಸ್ ಎಲ್ಲಿಂದ ಬರಬೇಕು? ಅಂದರೆ ತೇಲುತ್ತಿರುವುದು ವಾದ್ಯ ಅಲ್ಲ, ಟೇಪು. ಹಳೆಯ ರೆಕಾರ್ಡಿಂಗ್ ಕೇಳುವವರು ಮೊದಲು ಮಾಡಬೇಕಾದ ಪರೀಕ್ಷೆ ಇದೇ: ಅದೇ ಟೇಪಿನಲ್ಲಿ ಅಲುಗಾಡಬಾರದ ವಾದ್ಯವನ್ನು ಹುಡುಕಿ, ಅದೂ ಅಲುಗಾಡುತ್ತಿದೆಯಾ ನೋಡಿ.

ಡೆಕ್ ಬಿಚ್ಚಿದೆ. ಬೆಲ್ಟ್ ಇರಬೇಕಾದ ಜಾಗದಲ್ಲಿ ಅರ್ಧ ರಬ್ಬರು, ಅರ್ಧ ಡಾಂಬರು. ನಮ್ಮ ಬೇಸಿಗೆಯಲ್ಲಿ ಹಳೆಯ ಬೆಲ್ಟುಗಳು ಹೀಗೆಯೇ ಕರಗುತ್ತವೆ, ಪುಲ್ಲಿಗೆ ಅಂಟಿ ಕಪ್ಪು ಜಿಗುಟಾಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ, ಹಳೆಯ ಟೂತ್ ಬ್ರಷ್ ಇಟ್ಟುಕೊಂಡು ಎರಡು ಸಂಜೆ ಉಜ್ಜಿದೆ. ಸ್ವಲ್ಪ ಜಿಗುಟು ಉಳಿದರೂ ಹೊಸ ಬೆಲ್ಟ್ ಅಲ್ಲಿ ಜಿಗಿಯುತ್ತದೆ, ಹಾಗಾಗಿ ಪುಲ್ಲಿ ಹೊಳೆಯುವವರೆಗೂ ಬಿಡಬಾರದು. ಬೆಲ್ಟ್ ಅಳತೆಗೆ ಹಳೆಯದನ್ನು ನಂಬಬೇಡಿ, ಅದು ಎಳೆದು ಉದ್ದವಾಗಿರುತ್ತದೆ. ಪುಲ್ಲಿಗಳ ಸುತ್ತ ದಾರ ಸುತ್ತಿ ಅಳೆದು, ಅದಕ್ಕಿಂತ ಸ್ವಲ್ಪ ಕಡಿಮೆ ಅಳತೆಯದನ್ನು ತರಿಸಿಕೊಂಡೆ. ಬೆಳಗಾವಿಯ ಒಂದು ಹಳೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು ಟೇಪನ್ನು ಒತ್ತಿ ಓಡಿಸುವ ರಬ್ಬರ್ ಚಕ್ರ, ಪಿಂಚ್ ರೋಲರನ್ನೂ ನೋಡಿ, "ಇದು ಗಾಜಿನ ಹಂಗ ಆಗೇತಿ, ಇದನ್ನೂ ಬದಲಿ ಮಾಡ್ರಿ" ಅಂದರು. ಬದಲಿಸಿದೆ.

ಕ್ಯಾಸೆಟ್ಟಿನ ಒಳಗೂ ಕೆಲಸ ಇತ್ತು. ಟೇಪನ್ನು ಹೆಡ್ಡಿಗೆ, ಅಂದರೆ ಸದ್ದು ಓದುವ ತುದಿಗೆ, ಒತ್ತುವ ಸಣ್ಣ ಫೆಲ್ಟ್ ಪ್ಯಾಡಿನ ಅಂಟು ಒಣಗಿ ಅದು ಉದುರಿಬಿದ್ದಿತ್ತು. ಸ್ಕ್ರೂ ಇರುವ ಒಂದು ಖಾಲಿ ಕ್ಯಾಸೆಟ್ ತಗೊಂಡು, ಎರಡೂ ಸುರುಳಿಗಳನ್ನು ಅದರೊಳಗೆ ಎತ್ತಿಟ್ಟೆ. ಕೈ ಒಣಗಿರಲಿ, ಫ್ಯಾನ್ ಆರಿಸಿ, ಮಕ್ಕಳನ್ನು ಆಚೆ ಕಳಿಸಿ.

ಕೊನೆಗೆ ಅಜಿಮತ್. ಟೇಪಿಗೆ ಹೆಡ್ಡು ನಿಲ್ಲುವ ಕೋನ ಅದು, ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಸರಿಮಾಡಬೇಕು. ಮಾವನ ರೆಕಾರ್ಡರಿನ ಹೆಡ್ಡು ಸ್ವಲ್ಪ ವಾಲಿತ್ತು ಅಂತ ಕಾಣುತ್ತದೆ. ನನ್ನ ಡೆಕ್ ನೇರವಾಗಿದ್ದರೆ ಸಾಲದು, ಮಾವನ ರೆಕಾರ್ಡರ್ ಎಷ್ಟು ವಾಲಿತ್ತೋ ಅಷ್ಟೇ ವಾಲಬೇಕು. ಹಾಡುವವರ "ಸ" "ಶ" ಚೂಪಾಗಿ ಕೇಳುವವರೆಗೆ ಕೂದಲೆಳೆಯಷ್ಟು ತಿರುಗಿಸುತ್ತ ಹೋದೆ. ಒಂದು ಜಾಗದಲ್ಲಿ ಕಂಬಳಿ ತೆಗೆದ ಹಾಗೆ ಆಯಿತು. ತಾಳದ ಕಿಣಿಕಿಣಿ, ಜನರ ಕೆಮ್ಮು, ಎಲ್ಲೋ ದೂರದಲ್ಲಿ ಅಳುವ ಮಗು, ಎಲ್ಲ ಬಂತು. ಮಾವ ಪಕ್ಕದಲ್ಲೇ ಕೂತಿದ್ದರು, ಬಹಳ ಹೊತ್ತು ಮಾತಾಡಲಿಲ್ಲ.

ಮತ್ತು ಕೀಬೋರ್ಡಿನ ಆ ಬೆಚ್ಚನೆಯ ತೇಲುವಿಕೆ ಪೂರ್ತಿ ಹೋಗಿಬಿಟ್ಟಿತ್ತು. ಉಳಿದದ್ದು ಗಟ್ಟಿಯಾದ, ನೇರವಾದ, ಸ್ವಲ್ಪ ಒರಟು ಸದ್ದು. ಜುನೋ ಅನ್ನಲು ಇದ್ದ ಕಾರಣವೇ ಹೋಯಿತು.

ವೇಗದ ಕತೆ ಬೇರೆ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ನನ್ನ ಡೆಕ್ಕನ್ನು ಟೆಸ್ಟ್ ಟೇಪ್ ಹಾಕಿ ಸರಿ ಮಾಡಿಕೊಂಡೆ, ಆದರೆ ಆ ರಾತ್ರಿ ಮಾವನ ರೆಕಾರ್ಡರ್ ಯಾವ ವೇಗದಲ್ಲಿ ಓಡಿತ್ತು? ಇದಕ್ಕೆ ಒಂದು ಒಳ್ಳೆಯ ದಾರಿ ಇದೆ. ಮೈಕ್ ಸೆಟ್ಟಿನ ಗುಂಯ್ ಸದ್ದು ಇಂಥ ರೆಕಾರ್ಡಿಂಗಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ನಮ್ಮ ಲೈನ್ ಕರೆಂಟ್ 50 ಹರ್ಟ್ಸ್, ಹಾಗಾಗಿ ಆ ಗುಂಯ್ 50 ಅಥವಾ 100ರಲ್ಲಿ ಇರಬೇಕು. ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಸದ್ದಿನ ತಂತ್ರಾಂಶಕ್ಕೆ ಹಾಕಿ ಸ್ಪೆಕ್ಟ್ರೋಗ್ರಾಂ, ಅಂದರೆ ಸದ್ದಿನೊಳಗಿನ ಸ್ವರಗಳನ್ನು ಗೆರೆಗಳಾಗಿ ತೋರಿಸುವ ಚಿತ್ರ, ತೆಗೆದು ನೋಡಿದೆ. ಶುರುವಿನಲ್ಲಿ ಗೆರೆ 102ರ ಹತ್ತಿರ, ಎರಡನೇ ಬದಿಯ ಕೊನೆಗೆ ಬರುವಷ್ಟರಲ್ಲಿ 106ರ ಹತ್ತಿರ. ಬ್ಯಾಟರಿ ಇಳಿಯುತ್ತ ಹೋಗಿ ರೆಕಾರ್ಡರ್ ನಿಧಾನವಾಗಿದೆ, ನಿಧಾನವಾಗಿ ತುಂಬಿದ್ದನ್ನು ಸರಿಯಾದ ವೇಗದಲ್ಲಿ ಕೇಳಿದರೆ ಶ್ರುತಿ ಮೇಲೆ ಹೋಗುತ್ತದೆ. ನೂರಕ್ಕೆ ಆರು ಅಂದರೆ ಹೆಚ್ಚುಕಡಿಮೆ ಅರ್ಧ ಸ್ವರ, ಪೇಟಿಯ ಬಿಳಿ ಕೀಲಿಯಿಂದ ಪಕ್ಕದ ಕರಿ ಕೀಲಿಗೆ.

ನಡುವೆ ಒಂದು ಕಡೆ ಕರೆಂಟ್ ಹೋಗಿದೆ. ಜನ ಸಿಳ್ಳೆ ಹೊಡೆಯುತ್ತಾರೆ, ಯಾರೋ ಬೈಯುತ್ತಾರೆ, ಆಮೇಲೆ ಜನರೇಟರ್ ಶುರುವಾಗುತ್ತದೆ, ಗುಂಯ್ ಗೆರೆ ಥಟ್ಟನೆ ಮೇಲೆ ಜಿಗಿದು ದೀಪಗಳು ಹತ್ತುತ್ತಿದ್ದಂತೆ ಕೆಳಗೆ ಜಾರುತ್ತದೆ. ಪೇಟಿಯ ಶ್ರುತಿ ಮಾತ್ರ ಜಿಗಿದಿಲ್ಲ. ಜನರೇಟರ್ ಕರೆಂಟನ್ನು ಅಳತೆಗೋಲು ಮಾಡಿಕೊಳ್ಳಬಾರದು ಅನ್ನುವುದು ಅಲ್ಲಿ ಗೊತ್ತಾಯಿತು. ಅಲ್ಲಿಂದ ಮುಂದೆ ಪೇಟಿಯ ಷಡ್ಜವನ್ನೇ ಹಿಡಿದುಕೊಂಡು ಇಡೀ ಟೇಪನ್ನು ತುಂಡುತುಂಡಾಗಿ ನೇರ ಮಾಡಿದೆ.

ಈ ಕೆಲಸದಿಂದ ಒಂದು ಬಹಳ ಒಳ್ಳೆಯ ಸುಳಿವು ಸಿಕ್ಕಿತು. ಪೇಟಿಯ ಶ್ರುತಿಗೂ ಕೀಬೋರ್ಡಿನ ಶ್ರುತಿಗೂ ಒಂಚೂರು ವ್ಯತ್ಯಾಸ ಇದೆ. ಎರಡೂ ಒಂದೇ ಸ್ವರ ಹಿಡಿದಾಗ ಸೆಕೆಂಡಿಗೆ ಮೂರು ಸಲ ವಂವ್ ವಂವ್ ಅನ್ನುತ್ತದೆ. ಆಟದ ಶುರುವಿನ ನಾಂದಿಯಲ್ಲೂ ಮೂರು, ಬೆಳಗಿನ ಜಾವದ ಮಂಗಳದಲ್ಲೂ ಮೂರು. ಜನವರಿಯ ಬಾದಾಮಿಯ ಚಳಿ ಗೊತ್ತಲ್ವಾ, ಸಂಜೆಗೂ ಬೆಳಗಿನ ಜಾವಕ್ಕೂ ಎಷ್ಟು ಇಳಿಯುತ್ತದೆ. ಮಿನಿಮೂಗ್‌ನಂಥ ಹಳೆಯ ಅನಲಾಗ್ ಯಂತ್ರವಾಗಿದ್ದರೆ ಆ ಚಳಿಗೆ ಶ್ರುತಿ ಕದಲುತ್ತಿತ್ತು, ಬಾರಿಸುವವರು ನಡುನಡುವೆ ತಿರುಪಿ ಸರಿಮಾಡಬೇಕಾಗುತ್ತಿತ್ತು. ಇದು ಕದಲಿಲ್ಲ. ಒಳಗೆ ಶ್ರುತಿಯನ್ನು ಕದಲದಂತೆ ಹಿಡಿಯುವ ಕ್ರಿಸ್ಟಲ್ ಗಡಿಯಾರ ಇರುವ ಯಂತ್ರ.

ಈಗ ಎರಡನೇ ಅನುಮಾನ ಯಮಾಹಾ ಡಿಎಕ್ಸ್7 ಮೇಲೆ. 1983ರಲ್ಲಿ ಬಂದ ಯಂತ್ರ, ಪೂರ್ತಿ ಡಿಜಿಟಲ್. ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಕಂಡುಹಿಡಿದ ಎಫ್ಎಂ ವಿಧಾನ ಅದರಲ್ಲಿದೆ. ಒಂದು ಅಲೆ ಇನ್ನೊಂದು ಅಲೆಯನ್ನು ಅಲುಗಾಡಿಸಿ ಹೊಸ ಸ್ವರಗಳನ್ನು ಹುಟ್ಟಿಸುತ್ತದೆ. ಗಂಟೆ, ಗಾಜು, ಎಲೆಕ್ಟ್ರಿಕ್ ಪಿಯಾನೊ ಅಂದರೆ ಎಲ್ಲರಿಗೂ ಅದೇ ನೆನಪಾಗುತ್ತದೆ. ನನ್ನ ಸದ್ದಿನ ಕೊನೆಯೂ ಗಾಜಿನಂತೆಯೇ ಇತ್ತು.

ಇಲ್ಲಿ ನಾನು ದಾರಿ ಬದಲಿಸಿದೆ. ಕಿವಿಗೆ ಹೇಗೆ ಕೇಳುತ್ತದೆ ಅನ್ನುವುದರ ಮೇಲೆ ಹೋದರೆ ಮೋಸ ಹೋಗುತ್ತೇವೆ. 1954ರ ಹಿಂದಿ ಚಿತ್ರ 'ನಾಗಿನ್'ನಲ್ಲಿ ಕೇಳುವ ಪುಂಗಿ ಪುಂಗಿಯೇ ಅಲ್ಲ, ಕ್ಲಾವಿಯೊಲಿನ್ ಅನ್ನುವ ವಿದ್ಯುತ್ ವಾದ್ಯ, ಬಾರಿಸಿದವರು ಕಲ್ಯಾಣ್‌ಜೀ. ಇಡೀ ದೇಶ ಅದನ್ನು ಪುಂಗಿ ಅಂತಲೇ ಕೇಳಿತು. ಅದಕ್ಕೆ ಸದ್ದು ಏನನ್ನು ಹೋಲುತ್ತದೆ ಅನ್ನುವುದನ್ನು ಬಿಟ್ಟು, ಈ ಯಂತ್ರಕ್ಕೆ ಏನು ಬರುವುದಿಲ್ಲ ಅನ್ನುವುದನ್ನು ಹುಡುಕಲು ಕೂತೆ. ಯಾವ ಟೋನನ್ನು ಬೇಕಾದರೂ ಇನ್ನೊಂದು ಯಂತ್ರದಲ್ಲಿ ಹತ್ತಿರಹತ್ತಿರ ಮಾಡಬಹುದು. ಮಿತಿಯನ್ನು ಮುಚ್ಚಿಡಲು ಆಗುವುದಿಲ್ಲ.

ಮೊದಲನೆಯದು ಬೆರಳಿನ ಒತ್ತು. ಡಿಎಕ್ಸ್7ನ ಕೀಲಿಗೆ ಮೆಲ್ಲಗೆ ಒತ್ತಿದ್ದೂ ಗೊತ್ತಾಗುತ್ತದೆ, ಜೋರಾಗಿ ಹೊಡೆದದ್ದೂ ಗೊತ್ತಾಗುತ್ತದೆ. ಆದರೆ ಮಾವನ ರೆಕಾರ್ಡರಿನಲ್ಲಿ ಸದ್ದಿನ ಮಟ್ಟವನ್ನು ತಾನೇ ಏರಿಸಿ ಇಳಿಸುವ ವ್ಯವಸ್ಥೆ ಇತ್ತು, ಹಾಗಾಗಿ ಜೋರು ಮೆಲ್ಲಗೆ ಎಲ್ಲ ಒಂದೇ ಆಗಿಬಿಟ್ಟಿದೆ. ಇಲ್ಲಿ ಒಂದು ಉಪಾಯ ಇದೆ. ಒತ್ತು ಬದಲಾದರೆ ಮಟ್ಟ ಮಾತ್ರ ಅಲ್ಲ, ಸಾಮಾನ್ಯವಾಗಿ ಸದ್ದಿನ ಹೊಳಪೂ ಬದಲಾಗುತ್ತದೆ. ರೆಕಾರ್ಡರ್ ಮಟ್ಟವನ್ನು ಚಪ್ಪಟೆ ಮಾಡಬಹುದು, ಹೊಳಪನ್ನು ಮಾಡಲಾರದು. ನೂರಕ್ಕೂ ಹೆಚ್ಚು ಸ್ವರಗಳ ಶುರುವನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ. ಒಂದೇ ಅಚ್ಚು. ಈ ಕೀಲಿಗೆ ಬೆರಳಿನ ಒತ್ತು ತಿಳಿಯುವುದಿಲ್ಲ.

ಎರಡನೆಯದು ಒಂದು ಸ್ವರ ಆರುವಾಗ ಅದರೊಳಗೆ ಸೇರಿರುವ ಸಣ್ಣ ಸ್ವರಗಳು, ಅಂದರೆ ಎಳೆಗಳು, ಹೇಗೆ ಹೋಗುತ್ತವೆ ಅನ್ನುವುದು. ಎಫ್ಎಂನಲ್ಲಿ ಅವು ಸಾಲಾಗಿ ಹೋಗುವುದಿಲ್ಲ. ಒಂದು ಎಳೆ ಮಾಯವಾಗಿ ಮತ್ತೆ ಬರುತ್ತದೆ, ಪಕ್ಕದ್ದು ಏರುತ್ತಿರುವಾಗ ಇದು ಇಳಿಯುತ್ತದೆ. ನನ್ನ ಟೇಪಿನಲ್ಲಿ ಮೇಲಿನ ಎಳೆ ಮೊದಲು, ಅದರ ಕೆಳಗಿನದು ಆಮೇಲೆ, ಹೀಗೆ ನುಣ್ಣಗೆ ಒಂದೊಂದೇ ಆರುತ್ತ ಹೋಗಿ ಕೊನೆಗೆ ಕೆಳಗಿನ ಒಂದೇ ಗೆರೆ ಉಳಿಯುತ್ತದೆ. ನಾನು ಗಾಜು ಅಂದುಕೊಂಡದ್ದು ಆ ಒಂಟಿ ಗೆರೆಯನ್ನು.

ಮೂರನೆಯದು ಎಣಿಕೆ, ಮತ್ತು ಇದನ್ನು ಬರೆಯುವಾಗ ಈಗಲೂ ಖುಷಿಯಾಗುತ್ತದೆ. ಒಂದು ವಿರಹದ ಹಾಡಿನಲ್ಲಿ ಬಾರಿಸುವವರು ಎಡಗೈಯಲ್ಲಿ ಸಾ ಮತ್ತು ಪಾ ಹಿಡಿದಿದ್ದಾರೆ, ತಂಬೂರಿಯ ಹಾಗೆ. ಬಲಗೈಯಲ್ಲಿ ಎರಡು ಸ್ವರ ಸೇರುತ್ತವೆ, ಒಟ್ಟು ನಾಲ್ಕು. ಅದರ ಮೇಲೆ ಇನ್ನೊಂದು ಸ್ವರ ಬಂದ ಕ್ಷಣಕ್ಕೆ ಕೆಳಗಿನ ಸಾ ಇಲ್ಲ. ಕೈ ಎತ್ತಿದ್ದಲ್ಲ, ಸಾ ಮೆಲ್ಲಗೆ ಆರುವುದೂ ಇಲ್ಲ, ಕತ್ತರಿಸಿದ ಹಾಗೆ ಹೋಗುತ್ತದೆ. ಆ ಹಾಡಿನಲ್ಲಿ ಹನ್ನೊಂದು ಸಲ ಹೀಗಾಗಿದೆ, ಹನ್ನೊಂದೂ ಸಲ ಐದನೆಯ ಸ್ವರಕ್ಕೆ. ಇನ್ನೊಂದು ಹಾಡಿನಲ್ಲಿ ಬೇರೆ ಟೋನ್ ಇದೆ, ಅಲ್ಲಿ ಆರು ಏಳು ಸ್ವರ ಒಟ್ಟಿಗೆ ಬಂದರೂ ಏನೂ ಕತ್ತರಿಸುವುದಿಲ್ಲ.

ಡಿಎಕ್ಸ್7ಗೆ ಒಟ್ಟಿಗೆ 16 ಸ್ವರ. 1987ರ ರೋಲ್ಯಾಂಡ್ ಡಿ-50ಗೂ 1988ರ ಕೋರ್ಗ್ ಎಂ1ಗೂ ಅಷ್ಟೇ. ಜುನೋಗೆ ಆರು. ಕೆಲವು ಟೋನಿಗೆ ನಾಲ್ಕು, ಕೆಲವಕ್ಕೆ ಎಂಟು ಅನ್ನುವ ಯಂತ್ರ ಯಾವುದು? ಅದೂ ಒತ್ತು ತಿಳಿಯದ, ಆದರೆ ಸ್ವರ ಜಾರಿಸುವ ಚಕ್ರ ಇರುವ, ಪೂರ್ತಿ ಡಿಜಿಟಲ್ ಯಂತ್ರ?

ಕ್ಯಾಸಿಯೋ ಸಿಝಡ್-101.

ಮಾವ ಮೊದಲ ದಿನವೇ ಹೇಳಿದ್ದರು.

1984ರಲ್ಲಿ ಬಂದ ಪುಟ್ಟ ಯಂತ್ರ ಅದು, 49 ಸಣ್ಣ ಕೀಲಿಗಳು. ಅಮೆರಿಕದಲ್ಲಿ ಬೆಲೆ 499 ಡಾಲರ್, ಡಿಎಕ್ಸ್7 ಸುಮಾರು 2,000 ಡಾಲರ್ ಇದ್ದಾಗ. ಬ್ಯಾಟರಿಯ ಮೇಲೂ ಓಡುತ್ತದೆ. ಊರೂರು ತಿರುಗುವ ನಾಟಕ ಕಂಪನಿಗೆ ಇದಕ್ಕಿಂತ ಹೊಂದುವ ಯಂತ್ರ ನನಗೆ ತೋಚುವುದಿಲ್ಲ. ಒಳಗಿನ ಕೆಲಸಕ್ಕೆ ಫೇಸ್ ಡಿಸ್ಟಾರ್ಷನ್ ಅಂತ ಹೆಸರು. ಚಿಪ್ಪಿನಲ್ಲಿ ಒಂದು ಕೊಸೈನ್ ಅಲೆ ಇದೆ. ಅದನ್ನು ಒಂದೇ ನಡಿಗೆಯಲ್ಲಿ ಓದಿದರೆ ನುಣುಪಾದ ಸದ್ದು. ಅರ್ಧ ಸುತ್ತು ಓಡಿ, ಉಳಿದ ಅರ್ಧ ನಿಧಾನವಾಗಿ ನಡೆದರೆ ಅಲೆ ಒಂದು ಕಡೆ ವಾಲಿ ಗರಗಸದ ಹಲ್ಲಿನಂತಾಗುತ್ತದೆ, ಸದ್ದು ಒರಟಾಗುತ್ತದೆ. ಓಟ ಮೆಲ್ಲಗೆ ನಡಿಗೆಯಾದಂತೆ ಒರಟು ಹೋಗಿ ನುಣುಪು ಉಳಿಯುತ್ತದೆ, ನನ್ನ ಟೇಪಿನ ಗೆರೆಗಳು ಆರುತ್ತಿದ್ದದ್ದು ಹೀಗೆಯೇ. ಒಂದು ಟೋನಿಗೆ ಒಂದೇ ಲೈನ್, ಅಂದರೆ ಸದ್ದು ಕಟ್ಟುವ ಒಂದೇ ಸಾಲು, ಬಳಸಿದರೆ ಎಂಟು ಸ್ವರ, ಎರಡು ಲೈನ್ ಸೇರಿಸಿದರೆ ನಾಲ್ಕೇ.

ಇಷ್ಟಾದ ಮೇಲೆ ಯಂತ್ರವನ್ನೇ ಹುಡುಕಿದೆ. ಆ ನಾಟಕ ಕಂಪನಿಯಲ್ಲಿ ಕೀಬೋರ್ಡ್ ಬಾರಿಸುತ್ತಿದ್ದ ಮಾಸ್ತರರು ಗುಳೇದಗುಡ್ಡದಲ್ಲಿ ಇದ್ದಾರೆ ಅಂತ ಮಾವ ಯಾರಿಂದಲೋ ಕೇಳಿ ತಿಳಿದುಕೊಂಡರು. ಹೋದೆವು. ಪಕ್ಕದ ಮನೆಯಲ್ಲಿ ಮಗ್ಗದ ಸದ್ದು. ಫೋನಿನಲ್ಲಿ ಟೇಪ್ ಹಾಕಿ ಕೇಳಿಸಿದೆ. ಮಾಸ್ತರರು ಕಣ್ಣು ಮುಚ್ಚಿಕೊಂಡು ಕೇಳಿದರು. ಸಾ ಕತ್ತರಿಸುವ ಜಾಗ ಬಂದಾಗ ಕೈ ಎತ್ತಿ, "ಹಾಂ, ಅಲ್ಲೇ ನೋಡು, ಅದು ಹಂಗ ಮಾಡತಿತ್ತು. ಐದು ಒತ್ತಿದರ ಒಂದು ನುಂಗತಿತ್ತು" ಅಂದರು. ಅಟ್ಟದಿಂದ ಕೌದಿಯಲ್ಲಿ ಸುತ್ತಿದ ಒಂದು ಗಂಟು ಇಳಿಸಿದರು. ಕೌದಿ ಬಿಚ್ಚಿದರೆ ಅದೇ, ಸಿಝಡ್-101. ಹಾಳಾಗಿ ಇಪ್ಪತ್ತು ವರ್ಷವಾಗಿದೆ, ನೀನೇ ಒಯ್ದು ನೋಡು ಅಂದರು.

ರಿಪೇರಿ. ಕೆಳಗಿನ ಬ್ಯಾಟರಿ ಡಬ್ಬಿಯಲ್ಲಿ ಆರು ದೊಡ್ಡ ಸೆಲ್ಲುಗಳು ಹಾಗೇ ಇದ್ದವು, ಸೋರಿ ಬಿಳಿ ಹಸಿರು ಕಿಲುಬು ಕಟ್ಟಿತ್ತು. ಇಲ್ಲಿ ಎಲ್ಲರೂ ವಿನಿಗರ್ ಹಾಕಿ ಅನ್ನುತ್ತಾರೆ. ಅದು ಆಲ್ಕಲೈನ್ ಸೆಲ್ಲಿಗೆ ಸರಿ, ಅದರ ಸೋರಿಕೆ ಕ್ಷಾರ. ನಮ್ಮಲ್ಲಿ ಟಾರ್ಚಿಗೆ ಹಾಕುವ ಸಾದಾ ಕಾರ್ಬನ್ ಜಿಂಕ್ ಸೆಲ್ಲಿನ ಸೋರಿಕೆ ಆಮ್ಲದ ಕಡೆಯದು. ಅದಕ್ಕೆ ವಿನಿಗರ್ ಹಾಕಿದರೆ ಆಮ್ಲಕ್ಕೆ ಆಮ್ಲ ಸೇರಿಸಿದ ಹಾಗೆ. ಅಡುಗೆ ಸೋಡಾ ನೀರಿನಲ್ಲಿ ಕಲಸಿ, ಬ್ರಷ್‌ನಿಂದ ಹಚ್ಚಿ, ಒರೆಸಿ, ಆಮೇಲೆ ಆಲ್ಕೋಹಾಲ್‌ನಿಂದ ಒಣಗಿಸಿದೆ. ಎರಡು ಸ್ಪ್ರಿಂಗ್ ಪೂರ್ತಿ ತಿಂದುಹೋಗಿದ್ದವು, ಹಳೆಯ ಟಾರ್ಚಿನಿಂದ ಕಿತ್ತು ಹಾಕಿದೆ.

ಕರೆಂಟ್ ಕೊಡುವಾಗ ಬಹಳ ಎಚ್ಚರ ಬೇಕು. ಇದಕ್ಕೆ 9 ವೋಲ್ಟ್ ಅಡಾಪ್ಟರ್, ಆದರೆ ಪಿನ್ನಿನ ನಡುವೆ ಮೈನಸ್. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ನಡುವೆ ಪ್ಲಸ್. ಮೀಟರ್ ಇಟ್ಟು ನೋಡದೆ ಚುಚ್ಚಬೇಡಿ. ನಾನು ಕರೆಂಟ್ ಮಿತಿ ಇಡಬಹುದಾದ ಪವರ್ ಸಪ್ಲೈನಿಂದ ಮೆಲ್ಲಗೆ ಕೊಟ್ಟೆ. ಡಿಸ್ಪ್ಲೇ ಬಂತು, ಸದ್ದು ಬಂತು, ಜೊತೆಗೆ ದೊಡ್ಡ ಗುಂಯ್. ಪವರ್ ಕಡೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿದ ಮೇಲೆ ಗುಂಯ್ ಹೋಯಿತು. ಹದಿನಾಲ್ಕು ಕೀಲಿಗಳು ಸುಮ್ಮನಿದ್ದವು. ಕೀಲಿಯ ಕೆಳಗಿನ ರಬ್ಬರಿನ ಕಪ್ಪು ಕಾರ್ಬನ್ ಚುಕ್ಕೆಗೂ ಬೋರ್ಡಿಗೂ ನಡುವೆ ಧೂಳು. ರಬ್ಬರ್ ಪಟ್ಟಿ ಎತ್ತಿ, ಹತ್ತಿಯಿಂದ ಹಗುರವಾಗಿ ಒರೆಸಿದೆ, ಉಜ್ಜಿದರೆ ಕಾರ್ಬನ್ನೇ ಹೋಗುತ್ತದೆ. ಹದಿಮೂರು ಬಂದವು. ಒಂದು ಇನ್ನೂ ಬಾಕಿ, ಮೇಲಿನ ಕೊನೆಯದು.

ಮೊದಲು ಮಾಡಿದ ಕೆಲಸ ಎರಡು ಲೈನಿನ ಒಂದು ಸ್ಟ್ರಿಂಗ್ಸ್ ಟೋನ್ ಹಾಕಿ ಸಾ ಪಾ ಹಿಡಿದು, ಎರಡು ಸ್ವರ ಸೇರಿಸಿ, ಐದನೆಯದನ್ನು ಒತ್ತಿದ್ದು. ಸಾ ಹೋಯಿತು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಆದರೆ ಶಹನಾಯಿ ಟೋನ್ ಇದರಲ್ಲಿ ಈಗ ಇಲ್ಲ. ಕ್ಯಾಸಿಯೋದವರೇ ತುಂಬಿ ಕೊಟ್ಟ 16 ಟೋನುಗಳಲ್ಲಿ ಅದು ಯಾವುದೂ ಅಲ್ಲ. ಮಾಸ್ತರರು ತಾವೇ ಕೂತು ಕಟ್ಟಿದ್ದ ಟೋನ್ ಅದು. ಅಂಥವನ್ನು ಉಳಿಸಿಕೊಳ್ಳುವ ಜಾಗಕ್ಕೆ ಆ ದೊಡ್ಡ ಸೆಲ್ಲುಗಳಿಂದಲೇ ಜೀವ. ಸೆಲ್ ಸತ್ತ ವರ್ಷವೇ ಅದು ಅಳಿಸಿಹೋಗಿದೆ. ಫೋನ್ ಮಾಡಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಟ್ಟೂಣು ಬಿಡು, ಕಿವಿಯೊಳಗ ಐತಿ" ಅಂದರು.

ಈಗ ಭಾನುವಾರ ಗುಳೇದಗುಡ್ಡಕ್ಕೆ ಹೋಗುತ್ತೇನೆ. ಅವರು ಕೇಳಿ ಹೇಳುತ್ತಾರೆ, ನಾನು ಸ್ಪೆಕ್ಟ್ರೋಗ್ರಾಂ ನೋಡಿ ಅಂಕಿ ಹಾಕುತ್ತೇನೆ. ಪಿಚ್, ಒರಟುತನ, ಮಟ್ಟ, ಮೂರಕ್ಕೂ ಎಂಟೆಂಟು ಹಂತದ ಎನ್ವಲಪ್ (ಸ್ವರ ಶುರುವಾಗಿ ಆರುವವರೆಗಿನ ಏರಿಳಿತ), ಪ್ರತಿ ಹಂತಕ್ಕೆ 0ಯಿಂದ 99ರವರೆಗೆ ಎರಡು ಅಂಕಿ, ಅದೂ ಎರಡೂ ಲೈನಿಗೆ. ಮೊದಲ ಲೈನಿಗೆ ಗರಗಸ ಮತ್ತು ರೆಸೊನೆನ್ಸ್ ಅಲೆಗಳನ್ನು ಜೋಡಿಸಿದಾಗ ಟೇಪಿನ ಶುರುವಿಗೆ ಬಹಳ ಹತ್ತಿರ ಬಂತು. ಕಟ್ಟಿದಷ್ಟನ್ನು ಕಾಗದದ ಮೇಲೂ ಬರೆದಿಡುತ್ತಿದ್ದೇನೆ. ಎರಡನೆಯ ಲೈನಿನ ಡಿಟ್ಯೂನ್, ಅಂದರೆ ಮೊದಲನೆಯದರಿಂದ ಒಂಚೂರು ಸರಿಸಿದ ಶ್ರುತಿ, ಇನ್ನೂ ಕೂತಿಲ್ಲ, ಟೇಪಿನಲ್ಲಿ ಇರುವುದಕ್ಕಿಂತ ನಮ್ಮದು ಸ್ವಲ್ಪ ಬೇಗ ಅಲೆಯುತ್ತದೆ. ಮಾಸ್ತರರು ಕೈ ಅಲ್ಲಾಡಿಸಿ "ಇನ್ನೊಂದೀಟು ಕಡಿಮಿ ಮಾಡು" ಅನ್ನುತ್ತಾರೆ, ನಾನು ಒಂದು ಅಂಕಿ ಇಳಿಸುತ್ತೇನೆ.